ಚೆನ್ನಿಯ ಕಣ್ಣು, ಪೈಲ್ವಾನರ ಪಟ್ಟು

ಚೆನ್ನಿಯ ಎಡಗಣ್ಣಿಗೆ ಮೊದಲ ಸಲ ಒತ್ತಡ ಅಳೆಯುವ ಯಂತ್ರ ಹಿಡಿದಾಗ ಅದು ನಲವತ್ತರ ಹತ್ತಿರದ ಅಂಕಿ ತೋರಿಸಿತು. ನಾನು ಬೈದದ್ದು ಯಂತ್ರವನ್ನು. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ, ನಿಜ. ಆದರೆ ನನಗೆ ಕುಣಿಯಲು ಚೆನ್ನಾಗಿಯೇ ಬರುತ್ತದೆ ಎಂಬ ಭರವಸೆ ಆ ಹೊತ್ತಿನಲ್ಲಿ ನನಗಿತ್ತು. ಬ್ಯಾಟರಿ ತೆಗೆದು ಹಾಕಿದೆ, ತುದಿಯ ಸಣ್ಣ ಕಡ್ಡಿ ಬದಲಿಸಿದೆ, ಮತ್ತೆ ಹಿಡಿದೆ. ಮತ್ತೆ ಅದೇ ಅಂಕಿ. ಮಂಗಗಳ ಕಣ್ಣಿನೊಳಗಿನ ಒತ್ತಡ ಹದಿನೈದರಿಂದ ಇಪ್ಪತ್ತರ ಆಸುಪಾಸಿನಲ್ಲಿ ಇರಬೇಕು. ನಲವತ್ತು ಇದ್ದರೆ ಕಣ್ಣಿನ ಹಿಂದಿನ ನರ ಸ್ವಲ್ಪ ಸ್ವಲ್ಪವಾಗಿ ಸಾಯುತ್ತಿದೆ ಎಂದೇ ಲೆಕ್ಕ. ಚೆನ್ನಿಗೆ ಇದ್ದದ್ದು ಆ ಒಂದೇ ಕಣ್ಣು.

ನಮ್ಮದು ಹಳಿಯಾಳ–ದಾಂಡೇಲಿ ರಸ್ತೆಯಿಂದ ಸ್ವಲ್ಪ ಒಳಗೆ, ಸಾಗವಾನಿ ತೋಪಿನ ಅಂಚಿನಲ್ಲಿರುವ ಪ್ರಾಣಿಗಳ ಆರೈಕೆ ಕೇಂದ್ರ. ನಾನು ಅಲ್ಲಿನ ಪಶುವೈದ್ಯೆ. ದೂರದ ಊರಿನ ಒಂದು ಪ್ರಯೋಗಾಲಯ ಪ್ರಾಣಿಗಳ ಮೇಲಿನ ಕೆಲಸವನ್ನು ನಿಲ್ಲಿಸಿದಾಗ ಅಲ್ಲಿದ್ದ ಮಂಗಗಳ ಒಂದು ಗುಂಪು ನಮ್ಮಲ್ಲಿಗೆ ಬಂತು. ಬಸ್ ನಿಲ್ದಾಣಗಳಲ್ಲಿ ಕೈಚೀಲ ಕಸಿಯುವ ಅದೇ ಕೆಂಪು ಮುಖದ ಜಾತಿ. ಆದರೆ ಇವಕ್ಕೆ ಮರ ಹತ್ತಿ ಗೊತ್ತಿರಲಿಲ್ಲ, ಮಣ್ಣು ಮುಟ್ಟಿ ಗೊತ್ತಿರಲಿಲ್ಲ. ಬಂದ ಮೊದಲ ದಿನ ಒಂದು ಒಣ ಎಲೆ ಗಾಳಿಗೆ ಹಾರಿ ಪಂಜರದೊಳಗೆ ಬಿದ್ದದ್ದಕ್ಕೆ ಎಲ್ಲವೂ ಒಟ್ಟಿಗೆ ಕಿರುಚಿದ್ದವು.

ಅವುಗಳಿಗೆಂದು ತೋಪಿನ ಒಂದು ಭಾಗಕ್ಕೆ ಜಾಲರಿ ಹಾಕಿಸಿ, ಒಳಗೆ ನೇರಳೆ ಮರ, ಬಿದಿರು ಮೆಳೆ, ನೀರಿನ ಹೊಂಡ ಎಲ್ಲ ಇರುವ ಬಯಲೊಂದನ್ನು ಸಿದ್ಧ ಮಾಡಿದ್ದೆವು. ಮಳೆ ನಿಂತ ಮೇಲೆ ಎಲ್ಲವನ್ನೂ ಒಟ್ಟಿಗೆ ಬಿಡುವುದು ಎಂಬ ತೀರ್ಮಾನವಾಗಿತ್ತು. ಒಟ್ಟಿಗೆ ಬಿಡುವುದೇ ಮುಖ್ಯ. ಒಮ್ಮೆ ಮಂಗಗಳ ಗುಂಪು ತನ್ನ ಯಜಮಾನಿಕೆಯನ್ನು ಹಂಚಿಕೊಂಡಿತೆಂದರೆ ಆಮೇಲೆ ಬಂದವರ ಗತಿ ಕೂಡು ಕುಟುಂಬಕ್ಕೆ ಕೊನೆಗೆ ಬಂದ ಸೊಸೆಯ ಗತಿಯೇ.

ಚೆನ್ನಿ ಆ ಗುಂಪಿನ ಹೆಣ್ಣು. ಬಲಗಣ್ಣು ಪ್ರಯೋಗಾಲಯದಲ್ಲೇ ಯಾವ ಕಾಲದಲ್ಲೋ ಹೋಗಿ, ಸುಕ್ಕಿ ಬೆಳ್ಳಗಾಗಿತ್ತು. ಎಡಗಣ್ಣಿನ ಕರಿಗುಡ್ಡೆಯ ಮೇಲೆ ತೆಳ್ಳಗೆ ನೀಲಿ ಮಂಜು ಕವಿದಂತಿತ್ತು. ಬೆಳಗಿನ ಹೊತ್ತು ಅವಳು ಪಂಜರದ ಮೂಲೆಯಲ್ಲಿ ಕೂತು ಮುಂಗೈಯಿಂದ ಹುಬ್ಬನ್ನು ಒತ್ತಿಕೊಳ್ಳುತ್ತಿದ್ದಳು, ತಲೆನೋವು ಬಂದ ಹೆಂಗಸಿನ ಹಾಗೆ. ಅದನ್ನು ನೋಡಿಯೇ ನನಗೆ ಕಣ್ಣಿನ ಒತ್ತಡದ ಅನುಮಾನ ಬಂದದ್ದು.

ಅವಳಿಗೆ ಹೆಸರಿಟ್ಟವರು ನಮ್ಮ ಮಂಗಗಳ ಪಾಲಕರು. ಹಳಿಯಾಳದ ರೈತ ಮನೆಯವರು, ವಯಸ್ಸಿನಲ್ಲಿ ಕುಸ್ತಿ ಆಡಿದವರು. ಹಣೆಯ ಮೇಲೆ ಮೂರು ಬೆರಳ ವಿಭೂತಿ ಇಲ್ಲದೆ ಅವರನ್ನು ಕಂಡವರಿಲ್ಲ. ಅವರ ಕುತ್ತಿಗೆ ಎಲ್ಲಿ ಮುಗಿದು ಭುಜ ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಕಷ್ಟ. ಊರೆಲ್ಲ ಅವರನ್ನು ಪೈಲ್ವಾನ್ರು ಎಂದೇ ಕರೆಯುತ್ತದೆ, ನಾನೂ ಹಾಗೇ ಕರೆಯುತ್ತೇನೆ.

ನಲವತ್ತರ ಸುದ್ದಿಯನ್ನು ಧಾರವಾಡದ ಕಣ್ಣಿನ ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. ಪ್ರಾಣಿಗಳ ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದವರು, ಓದುವಾಗ ನನಗೆ ಕಲಿಸಿದವರು. ಈಗಲೂ ನನ್ನನ್ನು ತಂಗಿ ಎನ್ನುತ್ತಾರೆ.

"ತಂಗಿ, ನಲವತ್ತ ಇದ್ರ ಕಣ್ಣು ಉಳಿಯೂದಿಲ್ಲ," ಎಂದರು. "ಕಣ್ಣಿನೊಳಗ ನೀರು ಹುಟ್ಟೋ ಜಾಗಾ ಐತಲ್ಲ, ಅದಕ್ಕ ಹೊರಗಿನಿಂದ ಅತೀ ಥಂಡಿ ಮುಟ್ಟಿಸಿ ಅಷ್ಟು ಭಾಗ ಸುಟ್ಟುಬಿಡೂಣು. ನೀರು ಕಡಿಮಿ ಆತಂದ್ರ ಒತ್ತಡ ಇಳಿತೈತಿ."

"ಒತ್ತಡ ನಿಜವಾಗಿ ಇರದಿದ್ದರೆ, ಸರ್?"

"ಇರದಿದ್ರ ಕಣ್ಣು ಒಣಗಿದ ನೆಲ್ಲಿಕಾಯಿ ಆಗ್ತೈತಿ. ಅದಕ್ಕ ಹೇಳೂದು, ಇನ್ನೊಮ್ಮೆ ನೋಡು. ನಾ ಬರೂದ್ರಾಗ ನನಗ ಒಂದು ನಂಬೂ ಹಂತಾ ಅಂಕಿ ಬೇಕು."

ಇನ್ನೊಂದು ದಾರಿಯೂ ಇತ್ತು. ದಿನಾ ಬೆಳಿಗ್ಗೆ ಸಂಜೆ ಕಣ್ಣಿಗೆ ಔಷಧಿಯ ಹನಿ. ಮನುಷ್ಯರಿಗೆ ಅದೇ ಮೊದಲ ಚಿಕಿತ್ಸೆ. ಮಂಗಕ್ಕೆ ಅದನ್ನು ಮಾಡಬೇಕಾದರೆ ಜೀವಮಾನವಿಡೀ ಒಂಟಿ ಪಂಜರದಲ್ಲಿ ಇಟ್ಟು, ದಿನಕ್ಕೆರಡು ಸಲ ಅಮುಕಿ ಹಿಡಿಯಬೇಕು. ಇದನ್ನು ಹೇಳಿದಾಗ ಪೈಲ್ವಾನರು ಕೆರಳಿದರು. "ಒಂದ ಹನಿ ಸಲುವಾಗಿ ಒಬ್ಬಾಕಿನ ಜೇಲಿಗೆ ಹಾಕೂದೇನ್ರಿ ಅಕ್ಕಾರ? ಹನಿ ಹಾಕ್ಕೊಂಡು ಬದಕೂದೂ ಒಂದು ಬಾಳೇವೇನ್ರಿ?" ಎಂದರು. ಆ ಮಾತು ಆಮೇಲೆ ಅವರಿಗೇ ಬಂದು ತಗುಲಿತು. ಆದರೆ ಅದು ಕೊನೆಯಲ್ಲಿ.

ಡಾಕ್ಟರು ಬರುವ ದಿನ ಗೊತ್ತಾಯಿತು. ನಾನು ಎರಡನೆಯ ಸಲ ಒತ್ತಡ ನೋಡಲು ತಯಾರಿ ಮಾಡಿಕೊಂಡೆ.

ಮೊದಲ ಸಲ ನಾನು ಕೊಟ್ಟದ್ದು ಬರೇ ಕೆಟಮಿನ್. ಮಂಗಗಳಿಗೆ ಎಲ್ಲರೂ ಕೊಡುವ ಮಂಪರಿನ ಚುಚ್ಚುಮದ್ದು ಅದು. ಪಂಜರದ ಒಂದು ಗೋಡೆ ಮುಂದಕ್ಕೆ ಸರಿಯುತ್ತದೆ. ಪ್ರಾಣಿಯನ್ನು ಅದರಿಂದ ಮೆಲ್ಲಗೆ ಕಂಬಿಗಳ ಕಡೆ ಒತ್ತಿ, ತೊಡೆಗೆ ಚುಚ್ಚುವುದು. ಸ್ವಲ್ಪ ಹೊತ್ತಿಗೆ ಅದು ವಾಲುತ್ತದೆ. ಆದರೆ ಕೆಟಮಿನ್ ಪೂರ್ತಿ ನಿದ್ದೆ ಮಾಡಿಸುವುದಿಲ್ಲ. ಕಣ್ಣು ತೆರೆದೇ ಇರುತ್ತದೆ, ಮೈ ಸೆಟೆದುಕೊಳ್ಳುತ್ತದೆ, ತಲೆ ಅತ್ತಿತ್ತ ತೂಗುತ್ತದೆ. ತಲೆಯನ್ನು ಯಾರಾದರೂ ಹಿಡಿಯಲೇಬೇಕು. ಪೈಲ್ವಾನರು ಹಿಡಿದಿದ್ದರು.

ಎರಡನೆಯ ಸಲ ಕೆಟಮಿನ್ ಜೊತೆ ಜೈಲಾಜಿನ್ ಬೆರೆಸಿದೆ. ಅದು ಸ್ನಾಯುಗಳನ್ನು ಸಡಿಲ ಮಾಡುವ ಔಷಧಿ, ದನಗಳಿಗೂ ಕೊಡುತ್ತೇವೆ. ಚೆನ್ನಿ ಒದ್ದೆ ಬಟ್ಟೆಯ ಹಾಗೆ ಮೇಜಿನ ಮೇಲೆ ಮಲಗಿದಳು. ಹಿಡಿಯುವ ಕೆಲಸವೇ ಇರಲಿಲ್ಲ. ಯಂತ್ರ ಹಿಡಿದೆ. ಅದರ ತುದಿಯ ಕಡ್ಡಿ ಕಣ್ಣಿನ ಮೇಲ್ಮೈಗೆ ತಾಗಿದ್ದೂ ತಿಳಿಯದ ಹಾಗೆ ತಾಗಿ ಹಿಂದಕ್ಕೆ ಪುಟಿಯುತ್ತದೆ. ಕಣ್ಣು ಬಿಗಿಯಾಗಿದ್ದಷ್ಟೂ ಬೇಗ ಪುಟಿಯುತ್ತದೆ, ಆ ವೇಗದಿಂದಲೇ ಲೆಕ್ಕ. ಹನ್ನೊಂದು ಎಂದಿತು. ಮತ್ತೆ ಹಿಡಿದೆ. ಹನ್ನೆರಡು.

"ಬಾಳ ಚಲೋ ಆತಲ್ರೀ, ಇಳೀತು," ಎಂದರು ಪೈಲ್ವಾನರು.

"ಏನು ಇಳಿಯಿತು ಪೈಲ್ವಾನ್ರ? ನಾವೇನು ಔಷಧಿ ಕೊಟ್ಟಿದ್ದೀವಿ ಇಳಿಯೋದಕ್ಕೆ?" ಎಂದು ನಾನು ಅವರ ಮೇಲೆ ಹರಿಹಾಯ್ದೆ. ನನ್ನ ಸಿಟ್ಟು ಹಾಲು ಉಕ್ಕಿದ ಹಾಗೆ, ಒಲೆಯನ್ನೂ ಕೆಡಿಸಿ ತಾನೂ ಆರುತ್ತದೆ. ಅವರಿಗೆ ಅದು ಅಭ್ಯಾಸವಾಗಿದೆ. ಮೇಜು ಒರೆಸತೊಡಗಿದರು.

ಒಂದೇ ಕಣ್ಣು, ಒಂದೇ ಯಂತ್ರ. ಒಂದು ಸಲ ನಲವತ್ತು, ಒಂದು ಸಲ ಹನ್ನೊಂದು. ಮೊದಲನೆಯದು ನಿಜವಾದರೆ ಕಣ್ಣಿಗೆ ಥಂಡಿ ಮುಟ್ಟಿಸಲೇಬೇಕು. ಎರಡನೆಯದು ನಿಜವಾದರೆ ಮುಟ್ಟಲೇಬಾರದು. ಕೆಟಮಿನ್ ಕಣ್ಣಿನ ಒತ್ತಡವನ್ನು ಸ್ವಲ್ಪ ಏರಿಸಬಹುದು, ಜೈಲಾಜಿನ್ ಇಳಿಸಬಹುದು ಎಂದು ಓದಿದ ನೆನಪಿತ್ತು. ಆದರೆ ಇಷ್ಟೊಂದು ಅಂತರಕ್ಕೆ ಔಷಧಿ ಮಾತ್ರ ಕಾರಣ ಎನ್ನಲು ಮನಸ್ಸು ಒಪ್ಪಲಿಲ್ಲ.

ಹಾಗಾಗಿ ಗುಂಡನನ್ನು ಕರೆತಂದೆವು. ಗುಂಡ ಅದೇ ಗುಂಪಿನ ಗಂಡು, ಎರಡೂ ಕಣ್ಣು ಗಾಜಿನ ಗೋಲಿಯಷ್ಟು ಸ್ವಚ್ಛ. ಕಾಲಿನ ಒಂದು ಗಾಯಕ್ಕೆ ಹೇಗೂ ಅವನಿಗೆ ಮಂಪರು ಕೊಡಬೇಕಿತ್ತು. ಬರೇ ಕೆಟಮಿನ್ ಕೊಟ್ಟು, ಪೈಲ್ವಾನರ ಕೈಗೆ ತಲೆ ಕೊಟ್ಟು, ಎರಡೂ ಕಣ್ಣು ನೋಡಿದೆ. ಮೂವತ್ತಾರು, ಮೂವತ್ತೆಂಟು.

ಈಗ ಎರಡೇ ಮಾತು. ಒಂದೋ ಪ್ರಯೋಗಾಲಯದಿಂದ ಬಂದ ಎಲ್ಲ ಮಂಗಗಳೂ ಕುರುಡಾಗುವ ದಾರಿಯಲ್ಲಿವೆ, ಇಲ್ಲವೇ ನಾವು ಮಾಡುವುದರಲ್ಲೇ ಏನೋ ಎಡವಟ್ಟಿದೆ. ನಮ್ಮ ಎಡವಟ್ಟೇ ಇರಲಪ್ಪ ಎಂದು ಬೇಡಿಕೊಂಡೆ. ಹಾಗೆ ಬೇಡಿಕೊಂಡದ್ದು ಜೀವನದಲ್ಲಿ ಅದೊಂದೇ ಸಲ.

ಆ ವಾರದ ಕೊನೆಗೆ ನನಗೆ ಹಳಿಯಾಳದಲ್ಲಿ ಔಷಧಿ ಕೊಳ್ಳುವ ಕೆಲಸವಿತ್ತು. ಬೆಳಿಗ್ಗೆ ಬೇಗ ಹೊರಟಿದ್ದೆ. ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಗಾಡಿ ಎಳೆದುಕೊಂಡು ರಸ್ತೆ ತುಂಬ ಸಾಗುತ್ತಿದ್ದವು. ಪೈಲ್ವಾನರು ಬಹಳ ದಿನಗಳಿಂದ ತಮ್ಮ ಗರಡಿಮನೆ ನೋಡಲು ಕರೆಯುತ್ತಿದ್ದರು. ಅಂಗಡಿ ತೆರೆಯುವವರೆಗೆ ಹೊತ್ತು ಕಳೆಯಬೇಕಿತ್ತು, ಹೋದೆ.

ಒಳಗೆ ಕೆಮ್ಮಣ್ಣಿನ ಅಖಾಡ, ಎಣ್ಣೆಯ ವಾಸನೆ, ಮೂಲೆಯಲ್ಲಿ ಹನುಮಂತ ದೇವರು. ಪೈಲ್ವಾನರೂ ಅವರ ತಮ್ಮನೂ ಎದುರುಬದುರು ನಿಂತಿದ್ದರು. ಇಬ್ಬರೂ ಬಗ್ಗಿ ಚಿಟಿಕೆ ಮಣ್ಣು ತೆಗೆದುಕೊಂಡು, ಅಂಗೈಗೆ ಅಂಗೈ ತಾಗಿಸಿದರು. ಅದಕ್ಕೆ ಸಲಾಮಿ ಎನ್ನುತ್ತಾರೆ. ಕೈ ಕೊಡದೆ ಕುಸ್ತಿ ಶುರುವಾಗುವುದಿಲ್ಲ. ಆಮೇಲೆ ನನಗೆ ತೋರಿಸಲೆಂದೇ ಪೈಲ್ವಾನರು ತಮ್ಮನ ಹಿಂದೆ ಸರಿದು, ಮೊಣಕೈ ಮಡಿಸಿ ಅವನ ಗದ್ದದ ಕೆಳಗೆ ತೂರಿಸಿ, ಇನ್ನೊಂದು ಅಂಗೈಯನ್ನು ತಲೆಯ ಹಿಂದೆ ಇಟ್ಟು ಒಂದು ಪಟ್ಟು ಹಾಕಿದರು. ತಮ್ಮನ ಮುಖ ಕೆಂಪಾಯಿತು. ಹಣೆಯ ನರ ಉಬ್ಬಿತು. ಕಣ್ಣು ಮುಂದಕ್ಕೆ ಬಂದಂತಾಯಿತು.

ನಾನು ಕೂತಲ್ಲಿಂದ ಎದ್ದು ನಿಂತೆ. ಆ ಮೊಣಕೈ, ಆ ಅಂಗೈ! ಮೇಜಿನ ಮೇಲೆ ಚೆನ್ನಿಯ ತಲೆಯನ್ನೂ ಗುಂಡನ ತಲೆಯನ್ನೂ ಇವರು ಹಿಡಿದದ್ದು ಥೇಟ್ ಹೀಗೇ. ಬಲ ಹಾಕಿರಲಿಲ್ಲ ಅಷ್ಟೆ. ತಲೆ ಹಿಡಿಯಿರಿ ಎಂದರೆ ಹಳಿಯಾಳದ ಕೈಗೆ ಗೊತ್ತಿದ್ದ ಹಿಡಿತ ಅದೊಂದೇ.

ಕುತ್ತಿಗೆಯ ಎರಡು ಬದಿಯ ರಕ್ತನಾಳಗಳು ತಲೆಯಿಂದ ರಕ್ತವನ್ನು ಕೆಳಗಿಳಿಸುತ್ತವೆ. ಅವನ್ನು ಒತ್ತಿದರೆ, ಕೆಳಗಿನ ಬದುವಿನ ಗಂಡಿ ಮುಚ್ಚಿದಾಗ ಗದ್ದೆಯಲ್ಲಿ ನೀರು ನಿಲ್ಲುವಂತೆ, ಮೇಲೆ ಎಲ್ಲವೂ ತುಂಬಿ ನಿಲ್ಲುತ್ತದೆ. ಕಣ್ಣಿನ ಒತ್ತಡ ಏರುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ನಾನು ಕಣ್ಣನ್ನು ನೋಡುತ್ತಿದ್ದೆ, ಕಣ್ಣಿನ ಕೆಳಗಿದ್ದ ತೋಳನ್ನು ನೋಡಿರಲಿಲ್ಲ.

ಪೈಲ್ವಾನರಿಗೆ ಹೇಳಿದೆ. ಅವರ ಮುಖ ಸಣ್ಣದಾಯಿತು.

"ನಾ ಆಕಿನ್ನ ಹೂವಿನಂಗ ಹಿಡದಿದ್ನಿರೀ, ಅಕ್ಕಾರ."

"ನಿಮ್ಮ ಹೂವು ಒಂದು ಮಣದ್ದು, ಪೈಲ್ವಾನ್ರ. ನಂಬದಿದ್ದರೆ ನಿಮ್ಮ ಮೇಲೇ ನೋಡೋಣ ಬರ್ರಿ."

ಯಂತ್ರ ಗಾಡಿಯಲ್ಲಿತ್ತು. ಹೊಸ ಕಡ್ಡಿ ಹಾಕಿದೆ. ಅದು ಪ್ರಾಣಿಗಳ ಕಣ್ಣಿಗೆ ಹೊಂದಿಸಿದ ಯಂತ್ರ, ಮನುಷ್ಯರ ಅಂಕಿಯನ್ನು ಅದು ಕರಾರುವಾಕ್ಕಾಗಿ ಹೇಳಲಾರದು. ಆದರೆ ಏರಿತೋ ಇಳಿಯಿತೋ ಎಂದು ನೋಡಲು ಸಾಕು. ಪೈಲ್ವಾನರು ಅಖಾಡದ ಕಟ್ಟೆಯ ಮೇಲೆ ಕೂತರು. ಮೊದಲು ಸುಮ್ಮನೆ ನೋಡಿದೆ. ಆಮೇಲೆ ಅವರ ತಮ್ಮ ಹಿಂದಿನಿಂದ ಅದೇ ಪಟ್ಟನ್ನು ಹಗುರವಾಗಿ ಹಾಕಿದಾಗ ನೋಡಿದೆ. ಅಂಕಿ ಸರ್ರನೆ ಏರಿತು. ಕೈ ಬಿಟ್ಟ ಮೇಲೆ ಇಳಿಯಿತು. ಪೈಲ್ವಾನರು ಪರದೆಯನ್ನು ಇಣುಕಿ ನೋಡಿ, "ಏ ಇವನ, ಹೌದಲ್ರೀ!" ಎಂದರು. ಅವರ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೂ ಕುಣಿಯುವಷ್ಟು ಖುಷಿಯಾಯಿತು.

ಆದರೆ ಖುಷಿಯ ನಡುವೆ ಒಂದು ಮುಳ್ಳು. ಪಟ್ಟು ಹಾಕುವ ಮೊದಲೂ ಬಿಟ್ಟ ಮೇಲೂ ಪೈಲ್ವಾನರ ಬಲಗಣ್ಣು ಮೂವತ್ತರ ಹತ್ತಿರವೇ ಇತ್ತು. ಹೊಸ ಕಡ್ಡಿ ಹಾಕಿ ತಮ್ಮನ ಕಣ್ಣು ನೋಡಿದೆ, ಮತ್ತೊಂದು ಹಾಕಿ ಕನ್ನಡಿಯೆದುರು ನನ್ನದೂ ನೋಡಿಕೊಂಡೆ. ನಮ್ಮಿಬ್ಬರದೂ ಅದರ ಅರ್ಧದಷ್ಟಿತ್ತು.

"ಪೈಲ್ವಾನ್ರ, ಹುಬ್ಬಳ್ಳಿಗೆ ಹೋಗಿ ಕಣ್ಣಿನ ದವಾಖಾನೆಯಲ್ಲಿ ತೋರಿಸಬೇಕು ನೀವು."

"ನನ್ನ ಕಣ್ಣಿಗೇನಾಗೈತ್ರಿ? ಎಲ್ಲಾ ಬರೋಬ್ಬರಿ ಕಾಣ್ತೈತಿ. ನಮ್ಮಪ್ಪಗ ಅಷ್ಟ ಕಡೀಕ ಕಾಣ್ತಿರಲಿಲ್ಲ, ಅದೂ ಅಖಾಡದ ಧೂಳಿಗಿ."

ಅಪ್ಪನ ಮಾತು ಕೇಳಿದ ಮೇಲೆ ಮುಳ್ಳು ಇನ್ನೂ ಒಳಗಿಳಿಯಿತು. "ಧೂಳಿಗೆ ಕಣ್ಣು ಹೋಗೋದಿಲ್ಲ. ನೀವು ಹೋಗಲೇಬೇಕು," ಎಂದೆ. "ಮೊದ್ಲ ಚೆನ್ನೀದು ಮುಗೀಲಿ, ಆಮ್ಯಾಲೆ ನೋಡೂಣು," ಎಂದು ಅವರು ದೊಡ್ಡ ಲೋಟದಲ್ಲಿ ಬಾದಾಮಿ ಹಾಲು ತಂದಿಟ್ಟರು.

ಮರುದಿನದಿಂದ ನಮ್ಮ ಮೇಜಿನ ಪದ್ಧತಿ ಬದಲಾಯಿತು. ಕುತ್ತಿಗೆಯನ್ನು ಯಾರೂ ಮುಟ್ಟುವ ಹಾಗಿಲ್ಲ. ತಲೆಯ ಎರಡು ಬದಿಗೆ ಸುತ್ತಿದ ಟವೆಲ್. ರೆಪ್ಪೆಯನ್ನು ಎಲುಬಿನ ಅಂಚಿಗೆ ಒತ್ತಿ ತೆರೆಯಬೇಕೇ ಹೊರತು ಗುಡ್ಡೆಯ ಮೇಲೆ ಬೆರಳು ಬೀಳಬಾರದು. ಚೆನ್ನಿಗೆ ಸಾಕಷ್ಟು ದಿನ ವಿರಾಮ ಕೊಟ್ಟು, ಮತ್ತೆ ಬರೇ ಕೆಟಮಿನ್ ಕೊಟ್ಟು ನೋಡಿದೆ. ನಲವತ್ತರ ಜಾಗದಲ್ಲಿ ಇಪ್ಪತ್ತಾರು ಬಂತು.

ಅರ್ಧ ಗೆದ್ದಂತಾಯಿತು. ಆದರೆ ಉಳಿದ ಅರ್ಧವೇ ಕಷ್ಟದ್ದು. ಕೆಟಮಿನ್‌ನಲ್ಲಿ ಇಪ್ಪತ್ತಾರು, ಬೆರಕೆಯಲ್ಲಿ ಹನ್ನೊಂದು. ಒಂದು ಔಷಧಿ ಮೇಲಕ್ಕೆ ತಳ್ಳುತ್ತದೆ, ಇನ್ನೊಂದು ಕೆಳಕ್ಕೆ ಎಳೆಯುತ್ತದೆ. ನಿಜ ನಡುವೆ ಎಲ್ಲೋ ಇದೆ. ಇಪ್ಪತ್ತೈದರ ಮೇಲಿದ್ದರೆ ಚಿಕಿತ್ಸೆ ಬೇಕೇ ಬೇಕು ಎಂದು ಡಾಕ್ಟರು ಗೆರೆ ಹಾಕಿದ್ದರು. ಚೆನ್ನಿ ಆ ಗೆರೆಯ ಯಾವ ಬದಿಗಿದ್ದಾಳೆ ಎಂದು ಹೇಳುವಂತಿರಲಿಲ್ಲ.

ಡಾಕ್ಟರು ಬರುವ ದಿನ ಹತ್ತಿರವಾಗಿತ್ತು. ಮಂಪರು ಕೊಟ್ಟು ಇನ್ನೆಷ್ಟು ಸಲ ನೋಡಿದರೂ ನಾನು ಅಳೆಯುವುದು ಔಷಧಿಯನ್ನೇ ಹೊರತು ಚೆನ್ನಿಯನ್ನಲ್ಲ ಎಂಬುದು ಆಗ ನನಗೆ ಸ್ಪಷ್ಟವಾಯಿತು. ಅವಳು ಎಚ್ಚರವಿದ್ದಾಗ, ಯಾರೂ ಹಿಡಿಯದೆ, ತಾನಾಗಿ ಕಣ್ಣು ಕೊಡಬೇಕು. ಅದಕ್ಕೆ ಅವಳನ್ನು ಕಲಿಸಬೇಕು. ಕಲಿಸಲು ವಾರಗಳು ಬೇಕು. ಅಷ್ಟರಲ್ಲಿ ಒತ್ತಡ ನಿಜವಾಗಿಯೇ ಹೆಚ್ಚಿದ್ದರೆ, ನಾನು ಕಾದ ಪ್ರತಿ ದಿನವೂ ಅವಳ ಕಣ್ಣಿನಿಂದ ಹೋಗುತ್ತದೆ. ಅಂಗಳದಲ್ಲಿ ಎರಡು ಸುತ್ತು ಹಾಕಿ ಫೋನ್ ಮಾಡಿದೆ.

"ಸರ್, ಈಗ ಬರಬೇಡಿ."

"ತಂಗಿ, ನಾ ಈ ದಿನಾ ಬಿಟ್ರ ಮತ್ತ ನಿನ್ನ ಕಡೆ ಬರೂದು ಸಂಕ್ರಾಂತಿ ಆದಮ್ಯಾಲೆ. ನಡುವ ಕಣ್ಣು ಹೋತಂದ್ರ?"

"ಹೋದರೆ ನನ್ನ ತಲೆಯ ಮೇಲೆ. ಆದರೆ ಗೊತ್ತಿಲ್ಲದ ಅಂಕಿ ನಂಬಿ ಇರೋ ಒಂದು ಕಣ್ಣು ಸುಟ್ಟರೆ ಅದೂ ನನ್ನ ತಲೆಯ ಮೇಲೇ, ಸರ್."

"ಎಚ್ಚರಿರೋ ಮಂಗ್ಯಾ ಕಣ್ಣಿಗೆ ಯಂತ್ರಾ ಮುಟ್ಟಿಸಗೊಡ್ತೈತೇನು? ನೀ ಮೊದ್ಲಿಂದ ಹಟಮಾರಿ." ಗದರಿದರು, ಬೈದರು. ಕೊನೆಗೆ, "ಆತು, ಮಾಡು. ಮಾಡಿ ನನಗೂ ಕಲಸು," ಎಂದು ಫೋನ್ ಇಟ್ಟರು.

ಪಂಜರದ ಒಂದು ಬದಿಗೆ ಸಣ್ಣ ಕಿಂಡಿ ಮಾಡಿ, ಅದರ ಕೆಳಗೆ ಅಡ್ಡಲಾಗಿ ಒಂದು ಬಿದಿರು ಕಟ್ಟಿಸಿದೆ. ಚೆನ್ನಿ ಬಂದು ಬಿದಿರಿನ ಮೇಲೆ ಗದ್ದ ಇಟ್ಟರೆ ಬೆಲ್ಲದ ನೀರು. ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಗೆ ಒಂದು ಗುಟುಕು. ಕಬ್ಬಿನ ತುಂಡು ಕೊಟ್ಟು ನೋಡಿದ್ದೆ, ಅದನ್ನು ಅಗಿಯಲು ಶುರು ಮಾಡಿದರೆ ದವಡೆಯ ಜೊತೆ ತಲೆಯೆಲ್ಲ ಅಲುಗುತ್ತಿತ್ತು. ಬೆಲ್ಲದ ನೀರಿಗೆ ಅವಳು ಎರಡೇ ದಿನದಲ್ಲಿ ದಾಸಿಯಾದಳು. ಅಷ್ಟು ಬೇಗ ಎಂದು ನಾನು ಬೀಗಿದ್ದೂ ಆಯಿತು, ಮೂರನೆಯ ದಿನ ಅವಳು ನನ್ನನ್ನು ಕಂಡು ಮೂಲೆ ಸೇರಿದ್ದೂ ಆಯಿತು. ನೋಡಿದರೆ ನನ್ನ ಕೈಯಲ್ಲಿ ನೀಲಿ ಕೈಗವಸು. ಪ್ರಯೋಗಾಲಯದಲ್ಲಿ ಆ ಬಣ್ಣದ ಕೈಗಳಿಂದ ಅವಳಿಗೆ ಏನೇನಾಗಿತ್ತೋ. ನಾನು ಅವನ್ನು ತೆಗೆದು ಎಸೆದೆ. ಅಂದಿನಿಂದ ಬರಿಗೈಯನ್ನೇ ಸೋಪಿನಿಂದ ತೊಳೆದು ತೊಳೆದು ಚರ್ಮ ಒಡೆಯಿತು.

ಯಂತ್ರದ ಟಿಕ್ ಟಿಕ್ ಸದ್ದಿಗೂ ಅಭ್ಯಾಸ ಮಾಡಿಸಬೇಕಿತ್ತು. ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ, ಪ್ರತಿ ಟಿಕ್ಕಿಗೂ ಒಂದು ಗುಟುಕು. ಕಣ್ಣಿನ ಮುಂದೆಯೇ ಹಿಡಿಯುವ ದಿನ ಬಂತು. ಗದ್ದ ಬಿದಿರಿನ ಮೇಲಿತ್ತು, ಕಣ್ಣು ನನ್ನನ್ನೇ ನೋಡುತ್ತಿತ್ತು. ನಾನು ಉಸಿರು ಬಿಗಿಹಿಡಿದು ಯಂತ್ರ ಮುಂದೆ ತಂದೆ. ಚೆನ್ನಿ ಕಿಂಡಿಯಿಂದ ಕೈ ಹೊರಹಾಕಿ, ತುದಿಯ ಕಡ್ಡಿಯನ್ನು ಚಕ್ಕನೆ ಕಿತ್ತು, ಬಾಯಿಗೆ ಹಾಕಿ ಅಗಿದು, ರುಚಿಯಿಲ್ಲವೆಂದು ಉಗಿದಳು. ಮಂಗನ ಕೈಯಲ್ಲಿ ಮಾಣಿಕ್ಯ ಎಂಬ ಗಾದೆಯನ್ನು ಕಣ್ಣಾರೆ ನೋಡುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ಇನ್ನೂ ಹಲವು ಕಡ್ಡಿಗಳು ಹಾಗೇ ಹೋದವು. ಗದ್ದ ನಿಲ್ಲುತ್ತಿತ್ತು, ಕಣ್ಣು ನಿಲ್ಲುತ್ತಿತ್ತು, ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಕೈ ಕಟ್ಟುವ ಮಾತೇ ಇಲ್ಲ. ಕಟ್ಟಿದರೆ ಹೆದರಿಕೆ, ಹೆದರಿದರೆ ಒತ್ತಡ, ಮತ್ತೆ ಸುಳ್ಳು ಅಂಕಿ. ಒಂದು ಬೆಳಿಗ್ಗೆ ನಾನು ಸೋತು ಕಟ್ಟೆಯ ಮೇಲೆ ಕೂತಿದ್ದೆ. ಪೈಲ್ವಾನರು ಕೆಲಸಕ್ಕೆ ಬಂದು, ದಿನಾ ಮಾಡುವಂತೆ ಪಂಜರದ ಜಾಲರಿಗೆ ಅಂಗೈ ಹಿಡಿದರು. ಚೆನ್ನಿ ಇಳಿದು ಬಂದು ತನ್ನ ಅಂಗೈಯನ್ನು ಅದಕ್ಕೆ ತಾಗಿಸಿದಳು. ಸಲಾಮಿ! ಅಖಾಡಕ್ಕೆ ಇಳಿಯುವ ಮೊದಲು ಎದುರಿನವರಿಗೆ ಕೈ ಕೊಡುವ ರೂಢಿಯನ್ನು ಅವರು ಮಂಗಗಳ ಜೊತೆಗೂ ಇಟ್ಟುಕೊಂಡಿದ್ದರು. ನಾನದನ್ನು ತಿಂಗಳುಗಟ್ಟಲೆ ನೋಡಿದ್ದೆ, ತಮಾಷೆಯೆಂದು ನಕ್ಕಿದ್ದೆ.

"ಪೈಲ್ವಾನ್ರ, ಆ ಕೈ ಹಾಗೇ ಇಟ್ಟುಕೊಂಡಿರಿ. ನಾನು ಹೇಳುವವರೆಗೆ ತೆಗೆಯಬೇಡಿ."

"ಕುಸ್ತಿಯೊಳಗ ಕೈ ಕೊಟ್ಟು ಸುಮ್ನ ನಿಂದ್ರಂಗಿಲ್ರೀ ಅಕ್ಕಾರ."

"ಇದು ಬೇರೆ ಕುಸ್ತಿ. ಇದರಲ್ಲಿ ಮೊದಲು ಕೈ ತೆಗೆದವರು ಸೋತಂತೆ."

ಸಲಾಮಿಯನ್ನು ಉದ್ದ ಮಾಡುವುದೇ ನಮ್ಮ ಮುಂದಿನ ಪಾಠವಾಯಿತು. ಕಿಂಡಿಯ ಪಕ್ಕದಲ್ಲಿ ಪೈಲ್ವಾನರ ಎಡ ಅಂಗೈ, ಅದರ ಮೇಲೆ ಚೆನ್ನಿಯ ಎರಡೂ ಕೈ. ಅವರು ಹಿಡಿಯುವ ಹಾಗಿಲ್ಲ, ಬರೇ ಅಂಗೈ ಚಾಚಿರಬೇಕು. ಹಿಡಿಯುವುದನ್ನೇ ಜೀವನವಿಡೀ ಕಲಿತ ಕೈಗೆ ಅದು ಸುಲಭದ್ದಾಗಿರಲಿಲ್ಲ. ಬೆರಳು ತಾನಾಗಿ ಮಡಚಿಕೊಳ್ಳುತ್ತಿತ್ತು, ನಾನು ಗದರುತ್ತಿದ್ದೆ, ಅವರು ನಾಲಿಗೆ ಕಚ್ಚಿಕೊಂಡು ಬಿಚ್ಚುತ್ತಿದ್ದರು. ಚೆನ್ನಿ ಬೇಗ ಕಲಿತಳು.

ಹಾಗೊಂದು ಬೆಳಿಗ್ಗೆ ಅಂಗೈ ಮೇಲೆ ಕೈಗಳು, ಬಿದಿರಿನ ಮೇಲೆ ಗದ್ದ. ಮರದ ಮೇಲೆ ಕಾಡಿನ ಕರಿಮುಖದ ಮುಸಿಯಗಳು ಕೂತು ನಮ್ಮ ಸರ್ಕಸ್ಸು ನೋಡುತ್ತಿದ್ದವು. ಯಂತ್ರ ಮುಂದೆ ತಂದೆ. ಟಿಕ್. ಚೆನ್ನಿ ಕಣ್ಣು ಮಿಟುಕಿಸಿದಳು, ಕೈ ತೆಗೆಯಲಿಲ್ಲ. ಟಿಕ್, ಟಿಕ್. ಪರದೆ ನೋಡುವ ಮೊದಲು ಅವಳಿಗೆ ಬೆಲ್ಲದ ನೀರು ಕೊಟ್ಟೆ, ಮಾತೆಂದರೆ ಮಾತು. ಆಮೇಲೆ ನೋಡಿದೆ.

ಹದಿನೆಂಟು.

"ಎಷ್ಟ್ರೀ?" ಎಂದರು ಪೈಲ್ವಾನರು. ಯಂತ್ರವನ್ನೇ ಅವರ ಕಡೆ ತಿರುಗಿಸಿದೆ. ಅವರು ಅಂಕಿ ಓದಿ, ಚೆನ್ನಿಯ ಕಡೆ ತಿರುಗಿ, "ಗೆದ್ದೆಲ್ಲ ನಮ್ಮವ್ವಾ!" ಎಂದರು. ಕೈ ಮಾತ್ರ ತೆಗೆದಿರಲಿಲ್ಲ, ನಾನು ತೆಗೆಯಿರಿ ಎಂದು ಹೇಳುವುದನ್ನು ಮರೆತಿದ್ದೆ.

ಒಂದು ಅಂಕಿಯನ್ನು ನಂಬುವ ಹಂತವನ್ನು ನಾನು ದಾಟಿಯಾಗಿತ್ತು. ಬೆಳಿಗ್ಗೆ ನೋಡಿದೆ, ಸಂಜೆ ನೋಡಿದೆ, ಮೋಡದ ದಿನ ನೋಡಿದೆ. ಹದಿನೇಳು, ಹತ್ತೊಂಬತ್ತು, ಹದಿನೆಂಟು. ಚೆನ್ನಿಯ ಕಣ್ಣಿನ ಒತ್ತಡಕ್ಕೆ ಏನೂ ಆಗಿರಲಿಲ್ಲ. ನೀಲಿ ಮಂಜು ಹಳೆಯ ಗಾಯದ ಕಲೆ. ಹಾಗಾದರೆ ಹುಬ್ಬು ಒತ್ತಿಕೊಳ್ಳುತ್ತಿದ್ದದ್ದೇಕೆ? ಅದಕ್ಕೂ ಉತ್ತರ ಸಿಕ್ಕಿತು. ಅವಳ ಪಂಜರದ ಬಾಯಿ ಮೂಡಣಕ್ಕಿತ್ತು. ಬೆಳಗಿನ ಬಿಸಿಲು ನೇರ ಬಂದು ಆ ಕಲೆಯ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಒಂದು ಗೋಣಿಚೀಲ ಇಳಿಬಿಟ್ಟೆವು. ಮರುದಿನದಿಂದ ತಲೆನೋವು ಮಾಯ. ಡಾಕ್ಟರು ಫೋನಿನಲ್ಲಿ ಎಲ್ಲ ಕೇಳಿ, "ನನ್ನ ಥಂಡಿ ಯಂತ್ರಕ್ಕ ನಿನ್ನ ಗೋಣಿಚೀಲ ಸಾಟಿ ಆತಲ್ಲವಾ!" ಎಂದು ಮನಸಾರೆ ನಕ್ಕರು.

ಇನ್ನು ಬಯಲಿಗೆ ಬಿಡುವುದೊಂದೇ ಬಾಕಿ. ಪೈಲ್ವಾನರು ಗೇಟಿನ ಬೀಗದ ಕೈ ಕೇಳಲು ಬಂದರು. ನಾನು ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ಕೂತಿದ್ದೆ.

"ಮೊದಲು ನೀವು ಹುಬ್ಬಳ್ಳಿಗೆ. ಆಮೇಲೆ ಚೆನ್ನಿ ಬಯಲಿಗೆ."

"ಇದೇನ್ರಿ ಅಕ್ಕಾರ, ಆಕೀಗೂ ನನಗೂ ಏನ್ ಸಂಬಂಧ?"

"ಸಂಬಂಧ ಇದೆಯೋ ಇಲ್ಲವೋ, ಬೀಗದ ಕೈ ನನ್ನ ಹತ್ತಿರ ಇದೆ."

ಗೊಣಗಿಕೊಂಡು ಹೋದರು. ಹುಬ್ಬಳ್ಳಿಯಲ್ಲಿ ತೋರಿಸಿಕೊಂಡು ಬಂದರು. ಬಲಗಣ್ಣಿನ ಒತ್ತಡ ಹೆಚ್ಚಿತ್ತು, ನರ ಅಂಚಿನಲ್ಲಿ ಸವೆಯಲು ಶುರುವಾಗಿತ್ತು. ನೋವಿಲ್ಲದೆ, ಸುಳಿವಿಲ್ಲದೆ ಬರುವ ಗ್ಲಾಕೋಮಾ. ಅವರ ಅಪ್ಪನ ಕಣ್ಣು ತಿಂದದ್ದೂ ಅದೇ ಇರಬೇಕು. ಸರಿಯಾದ ಹೊತ್ತಿಗೆ ಬಂದಿರಿ, ಬೆಳಿಗ್ಗೆ ಸಂಜೆ ಹನಿ ಹಾಕಿಕೊಂಡರೆ ದೃಷ್ಟಿಗೆ ಭಯವಿಲ್ಲ, ತಲೆಗೆ ರಕ್ತ ನುಗ್ಗಿಸುವ ಪಟ್ಟು ಮಾತ್ರ ಸಾಕು ಮಾಡಿ ಎಂದು ಅಲ್ಲಿನವರು ಹೇಳಿ ಕಳಿಸಿದ್ದರು. ಪೈಲ್ವಾನರು ಜೇಬಿನಿಂದ ಸಣ್ಣ ಶೀಶೆ ತೆಗೆದು ನನ್ನ ಮೇಜಿನ ಮೇಲಿಟ್ಟರು.

"ಚೆನ್ನಿಗಂತ ಹೊಂಟಿದ್ದ ಔಷಧಿ ನನಗ ಬಂತ್ರೀ," ಎಂದರು. "ಹನಿ ಹಾಕ್ಕೊಂಡು ಬದಕೂದೂ ಒಂದು ಬಾಳೇವೇನು ಅಂದಿದ್ನಿ. ಬಾಯಿ ಮುಚ್ಚಿಕೊಂಡು ಇರಬೇಕಿತ್ತು."

"ಬಾಳೇವು ಹೌದೋ ಅಲ್ಲವೋ ನೋಡೇಬಿಡೋಣ," ಎಂದು ನಾನು ಬೀಗದ ಕೈ ಬಿಚ್ಚಿ ಕೊಟ್ಟೆ.

ಗೇಟು ತೆರೆದಾಗ ಗುಂಡ ಮೊದಲು ಓಡಿದ. ಉಳಿದವು ಹೊಸಿಲಲ್ಲೇ ಹಿಂಜರಿದವು. ಚೆನ್ನಿ ಎಡಗಣ್ಣು ಮುಂದೆ ಬರುವಂತೆ ತಲೆ ಓರೆ ಮಾಡಿ ನೆಲ ನೋಡಿದಳು, ಎಲೆ ನೋಡಿದಳು, ಕೊನೆಗೆ ನೇರಳೆ ಮರವನ್ನು ಬುಡದಿಂದ ತುದಿಯವರೆಗೆ ನೋಡಿದಳು. ಮೊದಲ ಕೊಂಬೆಗೆ ಚಾಚಿದ ಕೈ ತಪ್ಪಿತು. ಎರಡನೆಯ ಸಲ ಸಿಕ್ಕಿತು. ಎಲೆಗಳ ನಡುವೆ ಅವಳ ಬಾಲ ಮರೆಯಾದಾಗ ಪೈಲ್ವಾನರು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. ನಾನು, "ಔಷಧಿ ಹಾಕುವ ಕಣ್ಣು, ತಿಕ್ಕಬೇಡಿ," ಎಂದು ಗದರಿದೆ. ನನ್ನ ಕಣ್ಣನ್ನೂ ಆಮೇಲೆ ಯಾರೂ ಇಲ್ಲದಾಗ ಒರೆಸಿಕೊಂಡೆ.

ಆದರೆ ಹಳಿಯಾಳದ ಪೈಲ್ವಾನರಿಗೆ ಒಂದು ಹನಿಯ ಎದುರು ನಿಲ್ಲಲು ಬರುತ್ತಿರಲಿಲ್ಲ. ಶೀಶೆ ಹತ್ತಿರ ಬಂದರೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿತ್ತು, ಔಷಧಿ ಕೆನ್ನೆಯ ಮೇಲೆ ಇಳಿದು ಮೀಸೆಗೆ ಸೇರುತ್ತಿತ್ತು. ಮನೆಯವರೆಲ್ಲ ಸೋತರು. ಕೊನೆಗೆ ಬೆಳಗಿನ ಹನಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಬಯಲಿನ ಜಾಲರಿಯ ಪಕ್ಕದ ಕಟ್ಟೆಯ ಮೇಲೆ ಅವರನ್ನು ಕೂರಿಸಿದೆ.

"ತಲೆ ಹಿಂದೆ ಮಾಡ್ರಿ. ಕುತ್ತಿಗೆ ಸಡಿಲ. ಮೇಲೆ ನೋಡ್ರಿ."

ಅವರು ಹಲ್ಲು ಕಚ್ಚಿ ಕೂತರು. ಆಸರೆಗೆಂದು ಎಡಗೈ ಪಕ್ಕದ ಜಾಲರಿಗೆ ಹೋಗಿ, ಅಂಗೈ ಬಿಚ್ಚಿ ನಿಂತಿತು. ಮೇಲೆ ಎಲ್ಲೋ ಎಲೆ ಸರಸರ ಎಂದಿತು. ಚೆನ್ನಿ ಕೊಂಬೆಯಿಂದ ಇಳಿದು ಬಂದು, ಒಂದು ಕ್ಷಣ ನನ್ನನ್ನೂ ನನ್ನ ಕೈಯಲ್ಲಿದ್ದ ಶೀಶೆಯನ್ನೂ ಓರೆಗಣ್ಣಿನಿಂದ ನೋಡಿ, ತನ್ನ ಎರಡೂ ಕೈಗಳನ್ನು ಪೈಲ್ವಾನರ ಅಂಗೈ ಮೇಲೆ ಇಟ್ಟಳು. ಜಾಲರಿಯ ತಂತಿಗೆ ಗದ್ದ ಊರಿ ಕಾದು ನಿಂತಳು.

ಪೈಲ್ವಾನರು ಅಲುಗಲಿಲ್ಲ. ಕಣ್ಣು ತೆರೆದೇ ಇತ್ತು. ಹನಿ ನೇರವಾಗಿ ಬಿತ್ತು.

ಬೆಲ್ಲದ ನೀರು ಮಾತ್ರ ಚೆನ್ನಿಗೇ ಕೊಡಬೇಕಾಯಿತು. ಬಾಯಿ ತೆರೆದು ಕೇಳಿದ್ದು ಅವಳೇ.